ಹೆಜ್ಜೆ ಎಣಿಸುವ ವಾಚು: ತಲೆ ಆಪರೇಷನ್ ಆದವರಿಗೆ ಎಷ್ಟು ಉಪಯೋಗ?

ಮೆನಿಂಜಿಯೋಮಾ (ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ) ತೆಗೆಸಿಕೊಂಡು ಮನೆಗೆ ಬಂದ ಮೇಲೆ ಮಗಳು ನನ್ನ ಕೈಗೆ ಒಂದು ಫಿಟ್‌ನೆಸ್ ವಾಚು ಕಟ್ಟಿದಳು. ಓಡುವವರು, ಜಿಮ್‌ಗೆ ಹೋಗುವವರು ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ನಮ್ಮಂಥವರ ಲೆಕ್ಕವೇ ಬೇರೆ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ದಿನದ ಗುರಿ ಬದಲಿಸಿ. ನನ್ನದರಲ್ಲಿ ಡಬ್ಬಿ ಬಿಚ್ಚುವಾಗಲೇ 10,000 ಹೆಜ್ಜೆ ಕೂತಿತ್ತು. ಅದೇನು ಡಾಕ್ಟರು ಬರೆದುಕೊಟ್ಟ ಡೋಸ್ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಚಾಲ್ತಿಗೆ ಬಂದ ಅಂಕಿ. ತೀರಾ ಸುಸ್ತಿರುವ ದಿನವೂ ಸಲೀಸಾಗಿ ಆಗುವಷ್ಟನ್ನೇ ಇಟ್ಟುಕೊಳ್ಳಿ ಅಂದರು ನನ್ನ ಫಿಸಿಯೋ (ಫಿಸಿಯೋಥೆರಪಿಸ್ಟ್). ಈಗ ಗುರಿ ಮುಟ್ಟಿದಾಗ ಕೈಯಲ್ಲಿ ಗುರ್ ಅನ್ನುತ್ತದೆ. ಬೇರೆಯವರಿಗೆ ಅದು ಶಭಾಷ್, ನನಗೆ ‘ಸಾಕು, ಕೂತ್ಕೋ’. ವಾಚು ಇಷ್ಟವಾಗಿದ್ದೇ ಇದಕ್ಕೆ. ತಲೆ ಹಗುರಾಗಿರುವ ದಿನ ಇನ್ನೊಂದು ಸುತ್ತು ಹೋಗೋಣ ಅನ್ನಿಸುತ್ತದೆ ಅಲ್ವಾ? ಹೋದರೆ ಮಾರನೇ ದಿನವೆಲ್ಲ ಹಾಸಿಗೆಯೇ ಗತಿ.

ಗಂಟೆಗೊಮ್ಮೆ ‘ಎದ್ದು ಓಡಾಡಿ’ ಅನ್ನುವ ಜ್ಞಾಪನೆಯನ್ನು ಆಫ್ ಮಾಡಿಬಿಟ್ಟೆ. ಸುಧಾರಿಸಿಕೊಳ್ಳೋಕೆ ಮಲಗಿದವನನ್ನು ಸುಮ್ನೆ ಯಾಕೆ ಎಬ್ಬಿಸಬೇಕು? ಯಾವಾಗ ಏಳಬೇಕು ಅಂತ ಫಿಸಿಯೋ ಹೇಳಿದ್ದಾರೆ, ಅಷ್ಟು ಸಾಕು.

ನಾಡಿ ಬಡಿತದ ಅಂಕಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಓಟ ನೋಡಿ ಎಣಿಸುವ ಯಂತ್ರ ಇದು. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ ಎಡವುತ್ತದೆ. ಜೊತೆಗೆ ನಾನು ಬಿಪಿಗೆ ಬೀಟಾ ಬ್ಲಾಕರ್ ನುಂಗುತ್ತೇನೆ. ಆ ಮಾತ್ರೆ ಇದ್ದಾಗ ಆಯಾಸವಾದರೂ ಬಡಿತ ಅಷ್ಟಾಗಿ ಏರುವುದಿಲ್ಲ. ಅದರ ಬದಲು ಫಿಸಿಯೋ ಬೋರ್ಗ್ ಮಾಪಕ ಹೇಳಿಕೊಟ್ಟರು. ಎಷ್ಟು ಕಷ್ಟ ಅನ್ನಿಸುತ್ತಿದೆ ಅಂತ 6ರಿಂದ 20ರೊಳಗೆ ನಾವೇ ಅಂಕ ಕೊಟ್ಟುಕೊಳ್ಳುವುದು. 11 ಅಂದರೆ ಹಗುರ, 13 ಅಂದರೆ ಸ್ವಲ್ಪ ಕಷ್ಟ. ನನಗೆ 11 ದಾಟಬೇಡಿ ಅಂದಿದ್ದಾರೆ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಆಡೋಕಾಗದಿದ್ದರೆ ನಿಂತುಬಿಡುತ್ತೇನೆ.

ದೊಡ್ಡ ಕೊರತೆ ಏನಂದರೆ, ತಲೆಗಾಗುವ ದಣಿವು ಇದಕ್ಕೆ ಗೊತ್ತೇ ಆಗುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ನನಗೆ ವಾಕಿಂಗ್‌ಗಿಂತ ಜಾಸ್ತಿ ಸುಸ್ತು. ಆಪ್ ತೆರೆದರೆ ಆ ಹೊತ್ತಿಗೆ ಹೆಜ್ಜೆ ಸೊನ್ನೆ, ಒಳ್ಳೆ ವಿಶ್ರಾಂತಿ ಅಂತ ತೋರಿಸುತ್ತದೆ! ಸ್ಟೀರಾಯ್ಡ್‌ನಿಂದ ತೊಡೆ ಸೋತಿದ್ದಾಗ ಕುರ್ಚಿಯ ಕೈ ಹಿಡಿದು, ಮುಂದೆ ಜರುಗಿ, ಎರಡು ಸಲ ತೂಗಿ ಏಳುತ್ತಿದ್ದೆ. ಅದೂ ಲೆಕ್ಕಕ್ಕಿಲ್ಲ. ಹಾಗಾಗಿ ಬಂದುಹೋದವರು, ಫೋನ್ ಮಾತು, ಟಿವಿ ಎಲ್ಲವನ್ನೂ ಮಗಳು ಹಾಳೆಯ ಮೇಲೆ ಬರೆದಿಡುತ್ತಾಳೆ. ಹಾಳೆ, ವಾಚಿನ ಅಂಕಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇನೇ ದಿನ ಹೇಗೆ ಹೋಯಿತು ಅಂತ ತಿಳಿಯುವುದು.

ಐದಕ್ಕೆ ಮೂರು ಸ್ಟಾರ್. ದುಬಾರಿ ಮಾಡೆಲ್ ಬೇಕಿಲ್ಲ. ಗುರಿಯನ್ನು ಕೆಳಗಿಳಿಸಲು ಬಿಡುತ್ತದಾ, ಜ್ಞಾಪನೆ ಆಫ್ ಆಗುತ್ತದಾ, ಕನ್ನಡಕವಿಲ್ಲದೆ ಅಂಕಿ ಕಾಣುತ್ತದಾ, ಇಷ್ಟು ನೋಡಿ ತಗೊಳ್ಳಿ.