ಕಾಲಂನ ಅಕ್ಷರ ಬೇಡ, ತಲೆಬರಹ ಸಾಕು: ಓಪನ್‌ಪೈಎಕ್ಸ್‌ಎಲ್ ಜೊತೆ ಏಳು ವರ್ಷ

ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. ದಿನಾ ಸಂಜೆ ವ್ಯಾಪಾರ ಮುಗಿದ ಮೇಲೆ ದರಪಟ್ಟಿಯ ಎಕ್ಸೆಲ್ ಫೈಲ್ ನನ್ನ ಕೈಗೆ ಬರುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಹೀಗೆ ಅಡಿಕೆಯ ಬಗೆ ಒಂದೊಂದಕ್ಕೂ ಒಂದು ಕಾಲಂ. ಅದರಿಂದ ದರ ತೆಗೆದು ಬೆಳೆಗಾರರಿಗೆ ಮೆಸೇಜ್ ಕಳಿಸಬೇಕು, ತಿಂಗಳ ಲೆಕ್ಕಕ್ಕೂ ಸೇರಿಸಬೇಕು. 2018ರಿಂದ ಈ ಕೆಲಸವನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಎಕ್ಸೆಲ್ ಫೈಲ್ ಓದಿ ಬರೆಯುವ ಓಪನ್‌ಪೈಎಕ್ಸ್‌ಎಲ್ ಲೈಬ್ರರಿಯಿಂದ ಮಾಡುತ್ತಿದ್ದೇನೆ. ಉಚಿತ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಎಂಐಟಿ ಲೈಸೆನ್ಸ್, ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಇಲ್ಲದಿದ್ದರೂ ಓಡುತ್ತದೆ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ರಾಶಿ ಯಾವಾಗಲೂ ಆರನೇ ಕಾಲಂನಲ್ಲಿ ಇರುತ್ತಿತ್ತು. ಹಾಗಾಗಿ ಕೋಡ್‌ನಲ್ಲಿ ನೇರವಾಗಿ 6 ಅಂತ ಬರೆದಿಟ್ಟಿದ್ದೆ. ಒಂದು ದಿನ ಪಟ್ಟಿ ತಯಾರಿಸುವವರು ಎಡಗಡೆ ‘ಒಟ್ಟು ಚೀಲ’ ಅಂತ ಹೊಸ ಕಾಲಂ ಸೇರಿಸಿದರು. ಎಲ್ಲವೂ ಒಂದು ಮನೆ ಬಲಕ್ಕೆ ಸರಿಯಿತು. ರಾಶಿ ದರ ಅಂತ ಹೋದದ್ದು ಬೆಟ್ಟೆಯ ದರ. ಪ್ರೋಗ್ರಾಂ ಒಂದು ಎರರ್ ಕೂಡ ಕೊಡಲಿಲ್ಲ. ರಾತ್ರಿ ಎಂಟೂವರೆಗೆ ಒಬ್ಬ ಬೆಳೆಗಾರರ ಫೋನ್ ಬಂತು. ‘ಇಷ್ಟು ದರ ಇದ್ರೆ ನಾಳೆನೇ ಮಾಲು ತರ್ತೀನಿ, ಗಾಡಿಗೆ ಹೇಳಿದೀನಿ’ ಅಂದರು. ಅವರಿಗೆ ನಿಜ ಹೇಳುವಾಗ ನನ್ನ ದನಿ ಸಣ್ಣಗಾಗಿತ್ತು. ಆವತ್ತಿನಿಂದ ಕಾಲಂನ ಜಾಗವನ್ನು ನಂಬುವುದು ಬಿಟ್ಟೆ. ತಲೆಬರಹದ ಸೆಲ್‌ನಲ್ಲಿ ಏನು ಬರೆದಿದೆಯೋ ಅದನ್ನು ಓದಿ ಕಾಲಂ ಹುಡುಕುತ್ತೇನೆ.

ಇದೇ ಕೆಲಸ ಎಕ್ಸೆಲ್ ಒಳಗೇ ಬರೆಯುವ ಪುಟ್ಟ ಪ್ರೋಗ್ರಾಂ, ಅಂದರೆ ವಿಬಿಎ ಮ್ಯಾಕ್ರೋದಲ್ಲಿ ಆಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ. ಅಲ್ಲಿ ‘ಫೈಂಡ್’ ಅಂತಲೇ ಒಂದು ಸಿದ್ಧ ಆಜ್ಞೆ ಇದೆ. ಆದರೆ ನನಗೆ ಎರಡು ತೊಂದರೆ ಎದುರಾದವು. ವಿಬಿಎ ಎಡಿಟರ್‌ಗೆ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ, ಬರುವುದಿಲ್ಲ. ಕೋಡ್‌ನಲ್ಲಿ ‘ರಾಶಿ’ ಅಂತ ಟೈಪ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಒಂದೊಂದು ಅಕ್ಷರಕ್ಕೂ ಸಂಖ್ಯೆ ಕೊಟ್ಟು ಪದ ಕಟ್ಟಬೇಕು. ಎರಡನೆಯದು, ಆ ಫೈಂಡ್ ಹಿಂದಿನ ಸಲದ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಪೂರ್ತಿ ಸೆಲ್ ಹೊಂದಬೇಕಾ, ಒಂದು ಭಾಗ ಹೊಂದಿದರೆ ಸಾಕಾ ಅನ್ನುವುದನ್ನು ಪ್ರತಿ ಸಲ ನಾವೇ ಹೇಳದಿದ್ದರೆ ಹಳೆಯದೇ ನಡೆಯುತ್ತದೆ. ನಿನ್ನೆ ಸರಿ ಹುಡುಕಿದ್ದ ಮ್ಯಾಕ್ರೋ ಇವತ್ತು ‘ರಾಶಿ ಚೀಲ’ವನ್ನು ಹಿಡಿದು ತರುತ್ತದೆ.

ಪೈಥಾನ್ 3ರಲ್ಲಿ ಕನ್ನಡ ಸಲೀಸು. ತಲೆಬರಹ ಕನ್ನಡದಲ್ಲೇ ಬರೆಯಬಹುದು. ಫಂಕ್ಷನ್ನಿಗೂ ಕನ್ನಡ ಹೆಸರು ಇಡಬಹುದು. ನನ್ನ ಫಂಕ್ಷನ್ ಹೆಸರು ‘ಕಾಲಂ_ಹುಡುಕು’. ಓಪನ್‌ಪೈಎಕ್ಸ್‌ಎಲ್‌ನಲ್ಲಿ ಹುಡುಕುವ ಸಿದ್ಧ ಆಜ್ಞೆ ಇಲ್ಲ, ನಾವೇ ಬರೆದುಕೊಳ್ಳಬೇಕು. ಶುರುವಿನಲ್ಲಿ ಇದು ಕೊರತೆ ಅನ್ನಿಸಿತ್ತು. ಈಗ ಇದೇ ಒಳ್ಳೆಯದು ಅನ್ನಿಸುತ್ತದೆ. ಏನು ಹೊಂದಿದರೆ ಸರಿ ಅಂತ ನಿರ್ಧರಿಸುವವರು ನಾವೇ ಅಲ್ವಾ?

ಕೆಲಸ ಸರಳ. ಮೊದಲ ಹತ್ತು ಸಾಲಿನ ಸೆಲ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇನೆ. ಹತ್ತು ಯಾಕೆಂದರೆ ಮೇಲೆ ಮಂಡಿ ಹೆಸರು, ತಾರೀಖು ಎಲ್ಲ ಇರುತ್ತದೆ, ತಲೆಬರಹ ಯಾವ ಸಾಲಿಗೆ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಸೆಲ್‌ನ ಪಠ್ಯ ನಾನು ಕೇಳಿದ್ದಕ್ಕೆ ಪೂರ್ತಿ ಹೊಂದಿದರೆ ಅದರ ಕಾಲಂ ಸಂಖ್ಯೆ ಸಿಗುತ್ತದೆ. ಸಿಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ಒಂದೇ ತಲೆಬರಹ ಎರಡು ಕಡೆ ಸಿಕ್ಕರೂ ನಿಲ್ಲಬೇಕು. ಈ ಎರಡನ್ನು ಯಾರೂ ಬಿಡಬೇಡಿ. ಮೆಸೇಜ್ ಹೋಗದಿದ್ದರೆ ಜನ ಫೋನ್ ಮಾಡಿ ಕೇಳುತ್ತಾರೆ. ತಪ್ಪು ಮೆಸೇಜ್ ಹೋದರೆ ಗಾಡಿ ಹೊರಟುಬಿಡುತ್ತದೆ.

ಒಂದು ಎಚ್ಚರಿಕೆ. ಈ ಲೈಬ್ರರಿಯಲ್ಲಿ ಕಾಲಂ ಎಣಿಕೆ 1ರಿಂದ ಶುರು. ಆದರೆ ಸಾಲನ್ನು ಬರೀ ಮೌಲ್ಯಗಳಾಗಿ ತೆಗೆದುಕೊಂಡರೆ ಸಿಗುವುದು ಪೈಥಾನ್‌ನ ಟಪಲ್ ಅನ್ನುವ ಒಂದು ಬಗೆಯ ಪಟ್ಟಿ, ಅದರ ಎಣಿಕೆ 0ಯಿಂದ. ಎರಡನ್ನೂ ಬೆರೆಸಿದರೆ ಮತ್ತೆ ಪಕ್ಕದ ಮನೆಗೆ ಹೋಗುತ್ತೀರಿ.

ಎರಡು ವರ್ಷದ ಮೇಲೆ ಪಟ್ಟಿಯ ರೂಪ ಬದಲಾಯಿತು. ‘ರಾಶಿ’ ಅನ್ನುವ ತಲೆಬರಹ ಮೂರು ಕಾಲಂ ಮೇಲೆ ಮರ್ಜ್ ಆಗಿ, ಅಂದರೆ ಮೂರು ಸೆಲ್ ಸೇರಿ ಒಂದಾಗಿ ಕೂತಿತು. ಕೆಳಗಿನ ಸಾಲಿನಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ. ಕಣ್ಣಿಗೆ ಚೆಂದ, ಕೋಡ್‌ಗೆ ಕಷ್ಟ. ಮರ್ಜ್ ಮಾಡಿದ ಸೆಲ್‌ಗಳಲ್ಲಿ ಎಡಗಡೆ ಮೇಲಿನ ಒಂದಕ್ಕೆ ಮಾತ್ರ ಮೌಲ್ಯ ಇರುತ್ತದೆ, ಉಳಿದವು ಖಾಲಿ. ಪುಣ್ಯಕ್ಕೆ ಯಾವ ಮರ್ಜ್ ಎಲ್ಲಿಂದ ಎಲ್ಲಿಯವರೆಗೆ ಇದೆ ಅನ್ನುವುದನ್ನು ಈ ಲೈಬ್ರರಿ ಸ್ಪಷ್ಟವಾಗಿ ಹೇಳುತ್ತದೆ. ಮೊದಲು ‘ರಾಶಿ’ ಹುಡುಕುತ್ತೇನೆ. ಅದರ ಮರ್ಜ್‌ನ ಮೊದಲ ಕಾಲಂ, ಕೊನೆ ಕಾಲಂ ತೆಗೆದುಕೊಳ್ಳುತ್ತೇನೆ. ಆ ಗಡಿಯೊಳಗೆ ಮಾತ್ರ ‘ಗರಿಷ್ಠ’ ಹುಡುಕುತ್ತೇನೆ. ಪಟ್ಟಿಗಳನ್ನು ಸಂಭಾಳಿಸುವ ಪೈಥಾನ್‌ನ ಇನ್ನೊಂದು ಲೈಬ್ರರಿ ಪಾಂಡಾಸ್ ಕೂಡ ಪ್ರಯತ್ನಿಸಿದ್ದೆ. ಅದು ಒಂದೇ ಹೆಸರಿನ ಕಾಲಂಗಳಿಗೆ ಬಾಲಕ್ಕೆ .1, .2 ಅಂತ ಸೇರಿಸುತ್ತದೆ. ಎರಡನೇ ‘ಗರಿಷ್ಠ’ ಬೆಟ್ಟೆಯದೋ ರಾಶಿಯದೋ ಅಂತ ಮತ್ತೆ ಜಾಗ ಎಣಿಸಬೇಕಾಯಿತು. ತಲೆಬರಹ ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿದ್ದರೆ ಪಾಂಡಾಸ್ ಸಾಕು. ಎಕ್ಸ್‌ಎಲ್‌ಎಸ್‌ಎಕ್ಸ್, ಅಂದರೆ ಈಗಿನ ರೂಪದ ಎಕ್ಸೆಲ್ ಫೈಲ್ ಓದಲು ಅದೂ ಒಳಗೆ ಓಪನ್‌ಪೈಎಕ್ಸ್‌ಎಲ್ ಅನ್ನೇ ಬಳಸುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನು ಮುಂದಿನದನ್ನು ಗಮನವಿಟ್ಟು ಓದಿ. ಒಂದು ವಾರ ಪೂರ್ತಿ ‘ಗೊರಬಲು’ ಸಿಗುತ್ತಿರಲಿಲ್ಲ. ಸೆಲ್‌ನಲ್ಲಿ ಕಣ್ಣೆದುರೇ ಇದೆ. ಕಾಪಿ ಮಾಡಿ ಕೋಡ್‌ಗೆ ಹಾಕಿದರೆ ಸಿಗುತ್ತದೆ, ನಾನು ಟೈಪ್ ಮಾಡಿದರೆ ಇಲ್ಲ. ಕೊನೆಗೆ ಎರಡೂ ಪದಗಳ ಉದ್ದ ಅಳೆದೆ. ನನ್ನದು ಆರು, ಫೈಲ್‌ನದು ಏಳು. ‘ಗೊ’ದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವದ ಚಿಹ್ನೆ, ಊತ್ವದ ಚಿಹ್ನೆ ಎರಡನ್ನು ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ ಬೇರೆ. ಆ ಫೈಲ್ ಯಾವುದೋ ಹಳೇ ಪರಿವರ್ತಕದಿಂದ ಹಾದು ಬಂದಿತ್ತು. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ ಅನ್ನುವ ಏಕರೂಪ ಮಾಡುವ ದಾರಿ ಇದೆ. ಎರಡೂ ಕಡೆಯ ಪದವನ್ನು ಅದರಲ್ಲಿ ಹಾಯಿಸಿ ಆಮೇಲೆ ಹೋಲಿಸಿ. ಓತ್ವ, ಏತ್ವ, ಐತ್ವ, ದೀರ್ಘ ಈತ್ವಕ್ಕೂ ಇದೇ ಕಥೆ. ಜೊತೆಗೆ ‘ಮಾರ್ಕೆಟ್‌ಯಾರ್ಡ್’ ತರದ ಪದಗಳ ಮಧ್ಯೆ ಕಾಣದಂತೆ ಕೂತಿರುವ ಶೂನ್ಯ ಅಗಲದ ಚಿಹ್ನೆಯನ್ನೂ ತೆಗೆಯಿರಿ. ಸ್ಟ್ರಿಪ್ ಆಜ್ಞೆ ಅಂಚಿನ ಖಾಲಿ ಜಾಗ ತೆಗೆಯುತ್ತದೆ, ಇದನ್ನು ಮುಟ್ಟುವುದಿಲ್ಲ.

ಕಿರಿಕಿರಿಗಳೂ ಇವೆ. 2019ರಲ್ಲಿ 2.6 ಆವೃತ್ತಿ ಬಂದಾಗ ಸೆಲ್‌ನ ‘ಕಾಲಂ’ ಗುಣ ಅಕ್ಷರದ ಬದಲು ಸಂಖ್ಯೆ ಕೊಡಲು ಶುರು ಮಾಡಿತು. ಅಕ್ಷರ ಬೇಕಾದರೆ ‘ಕಾಲಂ_ಲೆಟರ್’. ಬದಲಾವಣೆ ಸರಿಯಾದದ್ದೇ, ಆದರೆ ನನ್ನ ಹಳೇ ಕೋಡ್ ಎಲ್ಲ ಒಂದೇ ದಿನ ಮುರಿಯಿತು. ಸೂತ್ರ ಇರುವ ಸೆಲ್‌ನಿಂದ ಉತ್ತರ ಬೇಕಾದರೆ ‘ಡೇಟಾ_ಓನ್ಲಿ’ ಆಯ್ಕೆ ಕೊಟ್ಟು ತೆರೆಯಬೇಕು. ಆಗ ಸಿಗುವುದು ಎಕ್ಸೆಲ್ ಕೊನೆಗೆ ಲೆಕ್ಕ ಹಾಕಿ ಉಳಿಸಿದ ಉತ್ತರ. ಈ ಲೈಬ್ರರಿ ಸ್ವತಃ ಲೆಕ್ಕ ಹಾಕುವುದಿಲ್ಲ. ನಾನು ಕೋಡ್‌ನಿಂದ ತಿದ್ದಿ ಸೇವ್ ಮಾಡಿದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯದೆ ಮತ್ತೆ ಓದಿದಾಗ ಸರಾಸರಿಯ ಸೆಲ್ ಎಲ್ಲ ಖಾಲಿ ಬಂದವು. ಶೀಟ್‌ನಲ್ಲಿ ಬಿಡಿಸಿಟ್ಟ ಆಕೃತಿಗಳೂ ಹಾಗೆ ಸೇವ್ ಮಾಡಿದರೆ ಹೋಗುತ್ತವೆ. ಮೂಲ ಫೈಲ್ ಮುಟ್ಟದೆ ಬೇರೆ ಹೆಸರಲ್ಲಿ ಉಳಿಸಿ.

ಮೆಮೊರಿ ಜಾಸ್ತಿ ತಿನ್ನುತ್ತದೆ. ಫೈಲ್ ಗಾತ್ರದ ಸುಮಾರು 50 ಪಟ್ಟು ಅಂತ ಲೈಬ್ರರಿ ಮಾಡಿದವರ ದಾಖಲೆಯಲ್ಲೇ ಬರೆದಿದ್ದಾರೆ. ದೊಡ್ಡ ಫೈಲ್‌ಗೆ ‘ರೀಡ್_ಓನ್ಲಿ’ ಬಳಸಿ, ಸಾಲು ಸಾಲಾಗಿ ಓದಿ, ಮುಗಿದ ಮೇಲೆ ಕ್ಲೋಸ್ ಮಾಡಿ. ಈ ರೀತಿ ತೆರೆದಾಗ ಕಾಲಂ ಕಾಲಂ ಆಗಿ ಓದುವ ಆಜ್ಞೆ ಸಿಗುವುದಿಲ್ಲ. ಒಂದು ತೂಕದ ಸಾಫ್ಟ್‌ವೇರ್‌ನಿಂದ ಬರುವ ಫೈಲ್‌ನಲ್ಲಿ ನನಗೆ ಮೊದಲ ಸೆಲ್ ಒಂದೇ ಕಾಣುತ್ತಿತ್ತು. ಶೀಟ್ ಎಷ್ಟು ದೊಡ್ಡದು ಅನ್ನುವುದನ್ನು ಆ ಸಾಫ್ಟ್‌ವೇರ್ ತಪ್ಪಾಗಿ ಬರೆಯುತ್ತಿತ್ತು. ‘ರೀಸೆಟ್_ಡೈಮೆನ್ಷನ್ಸ್’ ಅಂತ ಒಂದು ಸಾಲು ಸೇರಿಸಿದ ಮೇಲೆ ಎಲ್ಲ ಬಂತು.

ಹಳೇ ಎಕ್ಸ್‌ಎಲ್‌ಎಸ್ ಫೈಲ್‌ಗಳನ್ನು ಇದು ಓದುವುದೇ ಇಲ್ಲ. ನಮ್ಮ ಕಪಾಟಿನಲ್ಲಿ ಅಂಥವು ರಾಶಿ ಇವೆ, ಬಹಳಷ್ಟು ನುಡಿ ಫಾಂಟ್‌ನಲ್ಲಿ. ಲಿಬ್ರೆಆಫೀಸ್‌ನಲ್ಲಿ ಹೊಸ ರೂಪಕ್ಕೆ ತಂದರೂ ಸೆಲ್ ಒಳಗೆ ಇರುವುದು ಇಂಗ್ಲಿಷ್ ಮತ್ತು ವಿಚಿತ್ರ ಲ್ಯಾಟಿನ್ ಅಕ್ಷರಗಳು, ಫಾಂಟ್ ಅವನ್ನು ಕನ್ನಡದಂತೆ ತೋರಿಸುತ್ತದೆ ಅಷ್ಟೇ. ‘ಬೆಟ್ಟೆ’ ಅಂತ ಹುಡುಕಿದರೆ ಸಿಗುವ ಮಾತೇ ಇಲ್ಲ. ಆದರೆ ಪ್ರತಿ ಸೆಲ್‌ನ ಫಾಂಟ್ ಹೆಸರನ್ನೂ ಓಪನ್‌ಪೈಎಕ್ಸ್‌ಎಲ್ ಕೊಡುತ್ತದೆ. ಹೆಸರು ‘ನುಡಿ’ಯಿಂದ ಶುರುವಾದರೆ ಮೊದಲು ಯುನಿಕೋಡ್‌ಗೆ ಬದಲಿಸು, ಆಮೇಲೆ ಹೋಲಿಸು ಅಂತ ಎರಡು ಸಾಲು ಸೇರಿಸಿದ್ದೇನೆ. ಈ ಮಳೆಗಾಲದಲ್ಲಿ ಮಂಡಿ ಕೆಲಸ ಕಡಿಮೆ ಇರುವಾಗ ಆ ಹಳೇ ಪಟ್ಟಿಗಳನ್ನು ಒಂದೊಂದಾಗಿ ಓಡಿಸುತ್ತಿದ್ದೇನೆ. ನಿನ್ನೆ 2006ರ ಫೈಲ್ ಒಂದರಲ್ಲಿ ‘ಗೊರಬಲು’ ಒಂಬತ್ತನೇ ಕಾಲಂನಲ್ಲಿ ಸಿಕ್ಕಿತು.