ಗಾಡಿಯಲ್ಲಿಡಲು ಹಳೇ ಪೊಲೀಸ್ ರಿವಾಲ್ವರ್: ಐದು ವರ್ಷ ಬಳಸಿದ ಮೇಲೆ

ಪಶ್ಚಿಮ ಟೆಕ್ಸಾಸಿನ ಸ್ವೀಟ್‌ವಾಟರ್ ಸುತ್ತ ಎತ್ತ ನೋಡಿದರೂ ಗಾಳಿಯಂತ್ರಗಳೇ. ಅವುಗಳ ಸಬ್‌ಸ್ಟೇಷನ್‌ಗಳಲ್ಲಿ ಏನಾದರೂ ಕೆಟ್ಟರೆ ಹೋಗಿ ನೋಡುವುದು ನನ್ನ ಕೆಲಸ. ವಾರಕ್ಕೆ ನಾಲ್ಕು ದಿನ ಪಿಕಪ್ಪಿನಲ್ಲೇ ಕಳೆಯುತ್ತದೆ. ನಡುರಾತ್ರಿ ಫೋನ್ ಬಂದರೆ ಮಣ್ಣುರಸ್ತೆ ಹಿಡಿದು ಒಬ್ಬನೇ ಹೋಗಬೇಕು, ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಒಂದು ರಾತ್ರಿ ಗೇಟಿನ ಬಳಿ ತಾಮ್ರದ ತಂತಿ ಕದಿಯುತ್ತಿದ್ದ ಇಬ್ಬರು ಎದುರಾದರು. ಅವರು ಓಡಿಹೋದರು, ನಿಜ. ಆದರೆ ಶೆರಿಫ್ ಕಚೇರಿಯವರು ಬರುವವರೆಗೆ ಮುಕ್ಕಾಲು ಗಂಟೆ ನಾನು ಬಾಗಿಲು ಲಾಕ್ ಮಾಡಿಕೊಂಡು ಗಾಡಿಯೊಳಗೇ ಕೂತಿದ್ದೆ. ಕಡಿಮೆ ಬೆಲೆಯ, ನಂಬಬಹುದಾದ ಒಂದು ಕೈಬಂದೂಕು ಬೇಕೆಂದು ತೀರ್ಮಾನಿಸಿದ್ದು ಆ ರಾತ್ರಿಯೇ.

ಕೋವಿ ನನಗೆ ಹೊಸದೇನಲ್ಲ. ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜನದೊಂದು ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ಇಳಿದಾಗ ಒಂದು ಈಡು ಹೊಡೆಯುತ್ತಿದ್ದರು, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಆದರೆ ಕೈಬಂದೂಕಿನ ಸಂಗತಿಯೇ ಬೇರೆ. ನಳಿಗೆ ಗಿಡ್ಡ, ಕೈ ಸ್ವಲ್ಪ ಅಲುಗಿದರೂ ಗುರಿ ಎಲ್ಲೋ ಹೋಗುತ್ತದೆ.

ಮೊದಲ ಸಲ ಬರೀ ಬೆಲೆ ನೋಡಿ ಕೆಟ್ಟೆ. ಸತುವಿನ ಮಿಶ್ರಲೋಹದ್ದೊಂದು ಪುಟ್ಟ ಪಿಸ್ತೂಲು, ನೂರೈವತ್ತು ಡಾಲರಿಗೂ ಕಡಿಮೆಗೆ ಸಿಕ್ಕಿತು. ಯಾರು ಮಾಡಿದ್ದು ಅನ್ನುವುದು ಬೇಡ. ಗುರಿ ಅಭ್ಯಾಸದ ರೇಂಜಿನಲ್ಲಿ ಮೊದಲ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ತೋಟೆಯ ಡಬ್ಬಿ) ಮುಗಿಯುವಷ್ಟರಲ್ಲಿ ಎರಡು ಸಲ ಸಿಕ್ಕಿಕೊಂಡಿತು. ಖಾಲಿ ತೋಟೆ ಪೂರ್ತಿ ಹೊರಗೆ ಬರದೆ ಚಿಮಣಿಯ ಹಾಗೆ ನೆಟ್ಟಗೆ ನಿಂತಿತ್ತು. ಇನ್ನೂರು ಗುಂಡು ಹೊಡೆದ ಮೇಲೂ ಅದೇ ಕಥೆ. ನಷ್ಟವಾದರೂ ಅಂಗಡಿಗೇ ವಾಪಸ್ ಮಾರಿದೆ.

ಆಮೇಲೆ, 2020ರ ಫೆಬ್ರವರಿಯಲ್ಲಿ ಕೊಂಡದ್ದು ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 64. ಆರು ಗುಂಡಿನ ರಿವಾಲ್ವರ್, .38 ಸ್ಪೆಷಲ್ ಎಂಬ ಅಳತೆಯ ತೋಟೆ, ನಾಲ್ಕಿಂಚಿನ ನಳಿಗೆ. ಇದು 1899ರಿಂದ ಬಂದ ಅವರ ಪೊಲೀಸ್ ರಿವಾಲ್ವರಿನ ಸ್ಟೇನ್‌ಲೆಸ್ ರೂಪ, 1970ರಿಂದ ತಯಾರಾಗುತ್ತಿದೆ. ಇಲ್ಲಿನ ಪೊಲೀಸರು ಎಂಬತ್ತು, ತೊಂಬತ್ತರ ದಶಕದಲ್ಲಿ ಮ್ಯಾಗಜೀನಿನ ಪಿಸ್ತೂಲಿಗೆ ಬದಲಾದಾಗ ಇಂಥ ಸಾವಿರಾರು ರಿವಾಲ್ವರುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ನಾನು ಕೊಟ್ಟದ್ದು 330 ಡಾಲರ್. ಈಗ ಬೆಲೆ ಏರಿದೆ. ಮೇಲೆಲ್ಲ ಹೋಲ್‌ಸ್ಟರಿಗೆ ಉಜ್ಜಿ ಗೀರು ಬಿದ್ದಿದೆ, ಮರದ ಹಿಡಿಯ ಒಂದು ಮೂಲೆ ಚಕ್ಕೆ ಎದ್ದಿದೆ. ಒಳಗೆ ಮಾತ್ರ ಹೊಸದರಂತಿದೆ. ಪೊಲೀಸರ ಸೊಂಟದಲ್ಲಿ ವರ್ಷಗಟ್ಟಲೆ ತೂಗಾಡಿದ್ದರೂ ಹೊಡೆದದ್ದು ಕಡಿಮೆ ಎಂದು ಅದರಿಂದಲೇ ತಿಳಿಯುತ್ತದೆ.

ಹಳೇ ರಿವಾಲ್ವರ್ ಕೊಳ್ಳುವವರು ಅಂಗಡಿಯಲ್ಲೇ ಇಷ್ಟು ನೋಡಿಕೊಳ್ಳಿ. ಸಿಲಿಂಡರ್ (ತೋಟೆ ತುಂಬುವ, ತಿರುಗುವ ಉರುಳೆ) ತೆರೆದು, ಆರೂ ಕೋಣೆ ಖಾಲಿ ಇರುವುದನ್ನು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಳ್ಳಿ. ಅಂಗಡಿಯವರ ಒಪ್ಪಿಗೆ ಪಡೆದು, ಟ್ರಿಗರ್ ಪೂರ್ತಿ ಎಳೆದು ಹಿಡಿದುಕೊಂಡು ಸಿಲಿಂಡರ್ ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಲಟಲಟ ಎಂದರೆ ಬಿಟ್ಟುಬಿಡಿ. ನಿಧಾನವಾಗಿ ಎಳೆದಾಗ ಆರು ಕೋಣೆಯಲ್ಲೂ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಹಿಂಬದಿಯ ಸುತ್ತಿಗೆ) ಬೀಳುವ ಮೊದಲೇ ಸಿಲಿಂಡರ್ ತನ್ನ ಜಾಗದಲ್ಲಿ ಲಾಕ್ ಆಗಬೇಕು. ನಾನು ನೋಡಿದ ಮೂರರಲ್ಲಿ ಒಂದು ಇದರಲ್ಲೇ ಫೇಲಾಯಿತು.

ಬೇಸಿಗೆಯಲ್ಲಿ ಇಲ್ಲಿ ಮುಚ್ಚಿದ ಗಾಡಿಯ ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಚ್ಚಿದ ಎಣ್ಣೆ ಕೆಲವೇ ವಾರಗಳಲ್ಲಿ ಒಣಗಿ ಅಂಟಾಗುತ್ತದೆ. ಅದರ ಮೇಲೆ ಕೆಂಪು ಧೂಳು ಕೂರುತ್ತದೆ. ಎರಡನೇ ವರ್ಷ ರೇಂಜಿನಲ್ಲಿ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗದೆ ಅರ್ಧಕ್ಕೇ ನಿಂತಿತು. ನನ್ನ ಎದೆ ಧಸಕ್ ಎಂದಿತು, ಇದೇ ನಡುರಾತ್ರಿ ಆ ಗೇಟಿನ ಹತ್ತಿರ ಆಗಿದ್ದರೆ? ಬಿಚ್ಚಿ ನೋಡಿದರೆ ಕಾರಣ ಸಣ್ಣದು. ಖಾಲಿ ತೋಟೆಗಳನ್ನು ಹೊರಗೆ ತಳ್ಳುವ ನಕ್ಷತ್ರಾಕಾರದ ಬಿಲ್ಲೆಯ ಅಡಿಯಲ್ಲಿ ಉರಿಯದೆ ಉಳಿದ ಮದ್ದಿನ ಕಣ ಮತ್ತು ಧೂಳು ಸೇರಿ ರಾಗಿಹಿಟ್ಟಿನಷ್ಟು ನಯವಾದ ಪದರ ಕಟ್ಟಿತ್ತು. ಅಷ್ಟೇ ದಪ್ಪಕ್ಕೆ ಬಿಲ್ಲೆ ಮೇಲೆದ್ದು ಸಿಲಿಂಡರನ್ನು ಹಿಡಿದಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಎರಡು ಸಲ ತಿಕ್ಕಿದೆ, ಸರಿಹೋಯಿತು. ರಿವಾಲ್ವರ್ ಎಂದರೆ ನೋಡಿಕೊಳ್ಳುವುದೇ ಬೇಡ ಎನ್ನುವ ಮಾತನ್ನು ನಂಬಬೇಡಿ. ಅಂದಿನಿಂದ ತಿಂಗಳಿಗೊಮ್ಮೆ ಆ ಬಿಲ್ಲೆಯ ಅಡಿ ಒಣ ಬ್ರಷ್ ಆಡಿಸುತ್ತೇನೆ, ಅಲ್ಲಿಗೆ ಎಣ್ಣೆ ತಾಗಿಸುವುದಿಲ್ಲ. ಈ ಮೂರು ವರ್ಷದಲ್ಲಿ ಮತ್ತೆ ಒಮ್ಮೆಯೂ ನಿಂತಿಲ್ಲ.

ಬಿಸಿ ತೋಟೆಗೂ ಒಳ್ಳೆಯದಲ್ಲ. ಒಂದು ಬೇಸಿಗೆ ಗಾಡಿಯಲ್ಲಿ ಕಳೆದ ತೋಟೆಗಳ ಮೇಲೆ ಪ್ರಾಣ ಇಟ್ಟು ಕೂರಲು ನನಗೆ ಮನಸ್ಸಿಲ್ಲ. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ವಾರ ಹಳೆಯವನ್ನೆಲ್ಲ ರೇಂಜಿನಲ್ಲಿ ಹೊಡೆದು ಮುಗಿಸಿ ಹೊಸದು ತುಂಬುತ್ತೇನೆ. ಪೂಜೆಯ ದಿನ ಖಾಲಿ ಮಾಡಿದ ರಿವಾಲ್ವರ್ ಪೆಟ್ಟಿಗೆಯೊಳಗೇ ಇರುತ್ತದೆ. ಅರಿಸಿನ, ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ ಮತ್ತು ಪಿಕಪ್ಪಿನ ಬಾನೆಟ್ಟಿಗೆ. ಯಂತ್ರದೊಳಗೆ ಕುಂಕುಮದ ಪುಡಿ ಬೀಳಬಾರದಲ್ಲ. 2020 ಮತ್ತು 2021ರಲ್ಲಿ .38 ತೋಟೆ ಅಂಗಡಿಯಲ್ಲಿ ಸಿಗದೆ ಬಹಳ ಒದ್ದಾಡಿದೆ. ಕೊಳ್ಳುವ ದಿನವೇ ಮೂರು ನಾಲ್ಕು ಡಬ್ಬಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಆದರೆ ಅದು ಮನೆಯೊಳಗಿರಲಿ, ಗಾಡಿಯಲ್ಲಲ್ಲ.

ಇನ್ನು ಪೆಟ್ಟಿಗೆ. ಬಂದೂಕಿನ ಬೆಲೆ ಕೇಳುವವರು ಪೆಟ್ಟಿಗೆಯ ಬೆಲೆ ಕೇಳುವುದಿಲ್ಲ, ನನಗೆ ಅದೇ ದೊಡ್ಡ ಬೇಸರ. ಗ್ಲೋವ್ ಬಾಕ್ಸ್ ಪೆಟ್ಟಿಗೆಯಲ್ಲ. ಸೀಟಿನ ಅಡಿಯೂ ಅಲ್ಲ. ಇಲ್ಲಿ ಕಳುವಾಗುವ ಬಂದೂಕುಗಳಲ್ಲಿ ಬಹಳಷ್ಟು ಹೋಗುವುದೇ ನಿಲ್ಲಿಸಿದ ಕಾರುಗಳಿಂದ, ಹಾಗೆ ಹೋದದ್ದು ಮುಂದೆ ಯಾರ ಕೈಯಲ್ಲಿ ಏನು ಮಾಡುತ್ತದೋ ದೇವರೇ ಬಲ್ಲ. ಹೋಟೆಲೊಂದರ ಪಾರ್ಕಿಂಗಿನಲ್ಲಿ ನನ್ನ ಪಿಕಪ್ಪಿನ ಗಾಜೂ ಒಡೆದರು. ಅವತ್ತು ರಿವಾಲ್ವರ್ ನನ್ನ ಜೊತೆ ಕೋಣೆಯಲ್ಲಿತ್ತು, ಸೀಟಿನ ಕಬ್ಬಿಣಕ್ಕೆ ಕಟ್ಟಿದ್ದ ಪೆಟ್ಟಿಗೆ ಖಾಲಿ. ಆ ನಲವತ್ತು ಡಾಲರಿನ ಪೆಟ್ಟಿಗೆಯ ಉಕ್ಕಿನ ಹಗ್ಗವನ್ನು ಅರ್ಧ ಕತ್ತರಿಸಿ ಬಿಟ್ಟುಹೋಗಿದ್ದರು. ಇನ್ನೆರಡು ನಿಮಿಷ ಸಿಕ್ಕಿದ್ದರೆ ಪೂರ್ತಿ ಕತ್ತರಿಸುತ್ತಿದ್ದರು. ಮರುದಿನವೇ ಗಾಡಿಯ ತಳಕ್ಕೆ ಬೋಲ್ಟ್ ಹಾಕುವ ಉಕ್ಕಿನ ಪೆಟ್ಟಿಗೆ ತಂದೆ, ಬೋಲ್ಟ್ ಹಾಕಿಸಿದ್ದೂ ಸೇರಿ 190 ಡಾಲರ್. ರಾತ್ರಿ ಗಾಡಿ ನಿಂತಿತೆಂದರೆ ರಿವಾಲ್ವರ್ ಮನೆಯ ತಿಜೋರಿಗೆ ಹೋಗುತ್ತದೆ. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. 17ಕ್ಕಿಂತ ಕಿರಿಯರ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲಿ ಅದು ಅಪರಾಧ. ಕಾನೂನು ಇರದಿದ್ದರೂ ನಾನು ಹೀಗೇ ಮಾಡುತ್ತಿದ್ದೆ.

ನಮ್ಮವರು ಕೇಳುವ ಮೊದಲ ಪ್ರಶ್ನೆ ವೀಸಾದ್ದು. ಎಚ್-1ಬಿ ಯಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ನಿಷಿದ್ಧ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ, ಅವುಗಳನ್ನು ನೆಚ್ಚಿಕೊಳ್ಳುವ ಮೊದಲು ವಕೀಲರನ್ನು ಕಾಣಿ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ 21 ತುಂಬಿದ ಅರ್ಹರಿಗೆ ಕೈಬಂದೂಕು ಜೊತೆಗಿಟ್ಟುಕೊಂಡು ಓಡಾಡಲು ಲೈಸೆನ್ಸ್ ಕಡ್ಡಾಯವಲ್ಲ. ಆದರೂ ನಾನು ಮಾಡಿಸಿಕೊಂಡಿದ್ದೇನೆ. ಶಾಲೆಯ ಸುತ್ತ 1,000 ಅಡಿಯೊಳಗೆ ಫೆಡರಲ್ ನಿರ್ಬಂಧವಿದೆ, ರಾಜ್ಯದ ಲೈಸೆನ್ಸ್ ಇದ್ದವರಿಗೆ ಆ ರಾಜ್ಯದಲ್ಲಿ ಅದರಿಂದ ವಿನಾಯಿತಿ ಸಿಗುತ್ತದೆ, ಮಗಳನ್ನು ಬಿಡಲು ದಿನಾ ಹೋಗುವವನಿಗೆ ಅದು ಬೇಕೇ ಬೇಕು. ರಾಜ್ಯ ದಾಟುವ ಮುನ್ನ ಅಲ್ಲಿನ ಕಾನೂನು ಓದಿಕೊಳ್ಳಿ.

ಕೊರತೆಗಳೂ ಇವೆ. ಸುಮಾರು ಒಂದು ಕೆಜಿ ತೂಕ. ಆರೇ ಗುಂಡು, ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ. ಟ್ರಿಗರ್ ಗಟ್ಟಿ. ನನ್ನ ಹೆಂಡತಿಗೆ ಮೊದಲ ತಿಂಗಳು ಎರಡು ಬೆರಳು ಬೇಕಾಯಿತು, ಈಗ ಏಳು ಗಜದಿಂದ ಆರನ್ನೂ ಊಟದ ತಟ್ಟೆಯಷ್ಟು ಜಾಗದೊಳಗೆ ಹೊಡೆಯುತ್ತಾಳೆ. ಆದರೆ ಗಾಡಿಯಲ್ಲಿ ಕುಲುಕಾಡುವ ಆಯುಧಕ್ಕೆ ಆ ಗಟ್ಟಿ ಟ್ರಿಗರ್ ಒಳ್ಳೆಯದೇ ಎನ್ನುವುದು ನನ್ನ ಅಭಿಪ್ರಾಯ.

ಐದು ವರ್ಷದಲ್ಲಿ ಸುಮಾರು 1,800 ಗುಂಡು ಹೊಡೆದಿದ್ದೇನೆ, ಎಲ್ಲವೂ ರೇಂಜಿನ ಕಾಗದಕ್ಕೆ. ಹೊರಗೆ ಒಮ್ಮೆಯೂ ಪೆಟ್ಟಿಗೆ ತೆರೆಯುವ ಸಂದರ್ಭ ಬಂದಿಲ್ಲ. ಚಕ್ಕೆ ಎದ್ದ ಮರದ ಹಿಡಿ ತೆಗೆದು ರಬ್ಬರಿನದು ಹಾಕಿಸುವುದೊಂದು ಬಾಕಿ, ಈ ಬೇಸಿಗೆಗೆ ಮುಂಚೆ ಮಾಡಿಸುತ್ತೇನೆ.