ವೈರಿಂಗ್ ಕಾಂಟ್ರಾಕ್ಟರ್ ಲೈಸೆನ್ಸ್ ಜೆರಾಕ್ಸ್ ತೋರಿಸಿದ ಅಂತ ನಂಬಬೇಡಿ: ವಿಜಯನಗರದ ಒಂದು ಮನೆಯಲ್ಲಿ ಆದದ್ದು

ಹಳೇ ಮನೆಯ ವೈರಿಂಗ್ ಬದಲಿಸಲು ಹೊರಟಿರುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ಬೆಂಗಳೂರಿನ ವಿಜಯನಗರದಲ್ಲಿ ಎರಡಂತಸ್ತಿನ ಮನೆ, ಎಂಬತ್ತರ ದಶಕದ್ದು, ಗೋಡೆಯೊಳಗೆ ಅಲ್ಯೂಮಿನಿಯಂ ವೈರು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಪೂರ್ತಿ ರೀವೈರಿಂಗ್, ಎರಡು ಹೊಸ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ), ಹೊಸ ಅರ್ಥಿಂಗ್, ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸುವ ಓಡಾಟ, ಎಲ್ಲ ಒಬ್ಬನಿಗೇ ವಹಿಸಿದರು. ಲೈಸೆನ್ಸ್ ಕೇಳಿದ್ದಕ್ಕೆ ಆತ ಜೆರಾಕ್ಸ್ ಕೊಟ್ಟ. ಲೈಸೆನ್ಸ್ ಅಸಲಿಯೇ, ಆದರೆ ಬೇರೆಯವರದ್ದು. ಮುಂದಿನ ಮಳೆಗಾಲಕ್ಕೆ ಮೇಲ್ಮನೆಯ ಬಚ್ಚಲಲ್ಲಿ ನಲ್ಲಿ ಮುಟ್ಟಿದರೆ ಜುಮ್ ಅನ್ನತೊಡಗಿತು.

ಯಾವ ಲೈಸೆನ್ಸ್ ಅನ್ನುವಲ್ಲೇ ಮೊದಲ ಮೋಸ ನಡೆಯುತ್ತದೆ. ಮನೆ ರಿಪೇರಿಗೆ ಬರುವವರು 'ಕ್ಲಾಸ್ ಒನ್ ಕಾಂಟ್ರಾಕ್ಟರ್ ಸರ್' ಅಂತ ತೋರಿಸುವ ಪಿಡಬ್ಲ್ಯುಡಿ ನೋಂದಣಿ ಸರ್ಕಾರಿ ಟೆಂಡರ್ ಹಾಕಲು ಇರುವಂಥದ್ದು. ಜಿಎಸ್‌ಟಿ ನಂಬರ್ ತೆರಿಗೆಗೆ. ಟೈಲ್ಸ್, ಪೇಂಟಿಂಗ್, ಗಾರೆ ಕೆಲಸ ಮಾಡುವವನ ಕೈಗುಣಕ್ಕೆ ಇವೆರಡೂ ಸಾಕ್ಷಿಯಾಗುವುದಿಲ್ಲ. ವೈರಿಂಗ್ ಕತೆ ಬೇರೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ, ಹೊಸ ವೈರಿಂಗಾಗಲಿ ಇದ್ದದ್ದನ್ನು ಬದಲಿಸುವುದಾಗಲಿ ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರೇ ಮಾಡಿಸಬೇಕು. ಅದೂ ಸೂಪರ್‌ವೈಸರ್ ಪರ್ಮಿಟ್ ಇರುವವರ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಇದಿತ್ತು, ಅದರ ಜಾಗಕ್ಕೆ ಬಂದ 2023ರ ನಿಯಮಗಳಲ್ಲೂ ಇದೆ. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಬೆಸ್ಕಾಂಗೆ ಹೋಗುವ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕುವವರೂ ಈ ಲೈಸೆನ್ಸ್ ಇರುವ ಕಾಂಟ್ರಾಕ್ಟರೇ.

ಈ ಸಹಿ ಬಾಡಿಗೆಗೆ ಸಿಗುತ್ತದೆ. ಲೈಸೆನ್ಸ್‌ದಾರ ಮನೆ ಕಡೆ ತಲೆ ಹಾಕುವುದೇ ಇಲ್ಲ. ಮೆಗ್ಗರ್ ರೀಡಿಂಗ್ (ವೈರಿನ ಇನ್ಸುಲೇಷನ್ ಸರಿಯಿದೆಯೇ ಅಂತ ಅಳೆದದ್ದು), ಅರ್ಥ್ ರೀಡಿಂಗ್ ಜಾಗದಲ್ಲಿ ಚೆನ್ನಾಗಿ ಕಾಣುವ ಅಂಕಿ ತುಂಬಿ, ಸೀಲು ಒತ್ತಿ ಕಳಿಸುತ್ತಾನೆ. ವಿಜಯನಗರದ ಮನೆಯಲ್ಲಿ ಆದದ್ದೂ ಇದೇ. ಕೊಟೇಶನ್ ಒಂದು ಹೆಸರಲ್ಲಿ, ರಿಪೋರ್ಟಿನ ಸಹಿ ಇನ್ನೊಂದು ಹೆಸರಲ್ಲಿ, ದುಡ್ಡು ಹೋಗಿದ್ದು ಮೂರನೆಯವನ ಫೋನ್‌ಪೇಗೆ.

ಒಳಗೆ ಏನಾಗಿತ್ತು ನೋಡಿ. ಮಾಲೀಕರು ಗೋಡೆ ಹೆಚ್ಚು ಒಡೆಯಬೇಡಿ ಅಂದಿದ್ದರು. ಹಳೇ ಪೈಪಿನಲ್ಲಿ ಹೊಸ ವೈರು ಎಳೆಯಲು ಕೆಲವು ಕಡೆ ಆಗಲಿಲ್ಲ, ಬೆಂಡಿನಲ್ಲಿ ಕಟ್ಟಿಕೊಂಡಿತ್ತು. ಅಂಥ ಕಡೆ ಹಳೇ ಅಲ್ಯೂಮಿನಿಯಂ ವೈರನ್ನು ಹಾಗೇ ಬಿಟ್ಟು, ಎರಡೂ ತುದಿಗೆ ಅರ್ಧ ಅಡಿ ಹೊಸ ತಾಮ್ರದ ವೈರು ತಿರುಚಿ, ಇನ್ಸುಲೇಷನ್ ಟೇಪು ಸುತ್ತಿ ಬಾಕ್ಸಿನೊಳಗೆ ತುರುಕಿದ್ದಾರೆ. ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದರೆ ಕಣ್ಣಿಗೆ ಬೀಳುವುದೆಲ್ಲ ಹೊಸ ಕೆಂಪು, ಕಪ್ಪು, ಹಸಿರು ವೈರೇ. ಹಸಿರಂತೂ ಬರೀ ವೇಷ: ಹಳೇ ಪೈಪಿನಲ್ಲಿ ಅರ್ಥ್ ವೈರೇ ಇರಲಿಲ್ಲವಾದ್ದರಿಂದ ಅದು ಸಾಕೆಟ್ಟಿನಿಂದ ಹೊರಟು ಬಾಕ್ಸಿನೊಳಗೇ ನಿಂತಿತ್ತು.

ಮೇಲ್ಮನೆ ಗೀಸರ್ 2 ಕಿಲೋವ್ಯಾಟಿನದು, ಎಳೆಯುವುದು 8.7 ಆಂಪ್ಸ್. ಅದಕ್ಕೆ ಹಾಕಿದ್ದು 32 ಆಂಪ್ಸ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), 'ಪದೇ ಪದೇ ಬೀಳಬಾರದು' ಅಂತ. ಎಂಸಿಬಿ ಕಾಯುವುದು ವೈರನ್ನು. ತನ್ನ ರೇಟಿಂಗಿನ 1.13 ಪಟ್ಟಿನವರೆಗೆ ಒಂದು ಗಂಟೆ ಕಾಲ ಅದು ಬೀಳಬಾರದು ಅಂತಲೇ ಮಾನದಂಡ ಇದೆ. ಅಂದರೆ 36 ಆಂಪ್ಸ್ ಹರಿದರೂ 32ರ ಎಂಸಿಬಿ ಸುಮ್ಮನಿರುತ್ತದೆ, ಅಷ್ಟರಲ್ಲಿ ಒಳಗಿನ ತೆಳು ವೈರು ಬೇಯುತ್ತದೆ. ಇಲ್ಲಿ ಅದಕ್ಕಿಂತ ಕೆಟ್ಟದ್ದು ಜಾಯಿಂಟು. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬರಬರುತ್ತ ತಿರುಚು ಸಡಿಲವಾಗಿ ಅಲ್ಲೇ ಕಾಯತೊಡಗುತ್ತದೆ. ಹರಿಯುವುದು ಅದೇ 8.7 ಆಂಪ್ಸ್, ಹಾಗಾಗಿ 10ರ ಎಂಸಿಬಿ ಹಾಕಿದ್ದರೂ ಈ ಕಾವು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಬಾಕ್ಸ್ ತೆಗೆದಾಗ ಟೇಪು ಕರಗಿ ಅಂಟಾಗಿತ್ತು, ಸಾಕೆಟ್ಟಿನ ಹಿಂಬದಿ ಕಂದು ತಿರುಗಿತ್ತು.

ಇಷ್ಟಿದ್ದರೂ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಒಂದು ಸರಿಯಿದ್ದಿದ್ದರೆ ಬಚ್ಚಲಲ್ಲಿ ಸೋರಿಕೆ ಜೀವಕ್ಕೆ ಅಪಾಯವಾಗುವಷ್ಟಾದಾಗ ಲೈನು ಹೋಗುತ್ತಿತ್ತು. 30 ಮಿಲಿಆಂಪ್ಸಿನದನ್ನೇ ತಂದಿದ್ದರು, ಅಷ್ಟು ಸರಿ. ಆದರೆ ಮೆಟ್ಟಿಲ ದೀಪ ಹಾಕಿದಾಗಲೆಲ್ಲ ಅದು ಬೀಳುತ್ತಿತ್ತು. ಕೆಲಸದ ಹುಡುಗ ಬಂದು, 'ಅಂಕಲ್, ಇದು ಜಾಸ್ತಿ ಸೆನ್ಸಿಟಿವ್, ಬೈಪಾಸ್ ಮಾಡ್ಬಿಡ್ತೀನಿ' ಅಂದ. ಮಾಡಿಯೂ ಬಿಟ್ಟ, ಎರಡು ಡಿಬಿಯಲ್ಲೂ. ನಿಜವಾದ ಕಾರಣ ಹುಡುಕಲು ಹತ್ತು ನಿಮಿಷ ಸಾಕಿತ್ತು. ಮೆಟ್ಟಿಲ ದೀಪಕ್ಕೆ ಫೇಸು ಕೆಳಗಿನ ಡಿಬಿಯಿಂದ ಬಂದಿದೆ, ಹತ್ತಿರದಲ್ಲಿ ಸಿಕ್ಕಿತು ಅಂತ ನ್ಯೂಟ್ರಲ್ಲನ್ನು ಮೇಲಿನ ಡಿಬಿಯಿಂದ ಕೊಟ್ಟಿದ್ದಾರೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಕಮ್ಮಿಯೆಂದರೂ 39 ಮಿಲಿಆಂಪ್ಸ್ ಎಳೆಯುತ್ತದೆ. ಕೆಳಗಿನ ಆರ್‌ಸಿಸಿಬಿ ದಾಟಿ ಹೋದ ಆ 39 ಅದೇ ದಾರಿಯಲ್ಲಿ ವಾಪಸು ಬರಲಿಲ್ಲ. ಸೋರಿಕೆ ಅಂತ ಲೆಕ್ಕ ಹಾಕಿ ಅದು ಬಿತ್ತು. ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದ ಒಂದೇ ಒಂದು ಸಾಮಾನನ್ನು ಕಿತ್ತುಹಾಕಿದಂತಾಯಿತು.

ಇನ್ನೊಂದು ಗಮನಿಸಿ. ಆರ್‌ಸಿಸಿಬಿ ಮೇಲೆ 'ಟಿ' ಅಂತ ಗುಂಡಿ ಇರುತ್ತದೆ. ಈ ಮನೆಯಲ್ಲಿ ಅದನ್ನು ಒತ್ತಿದರೆ ಲಿವರ್ ಟಕ್ಕನೆ ಬೀಳುತ್ತಿತ್ತು, ನೋಡಿದವರಿಗೆ ಸಮಾಧಾನವೂ ಆಗುತ್ತಿತ್ತು. ಫ್ಯಾನು ಮಾತ್ರ ತಿರುಗುತ್ತಲೇ ಇರುತ್ತಿತ್ತು! ಆರ್‌ಸಿಸಿಬಿಗೆ ಬರೀ ಸಪ್ಲೈ ಕೊಟ್ಟು, ಮನೆಯ ಲೋಡನ್ನು ಐಸೊಲೇಟರಿನಿಂದ (ಡಿಬಿಯ ಮೇನ್ ಸ್ವಿಚ್ಚು) ನೇರವಾಗಿ ಎಂಸಿಬಿಗೆ ಎಳೆದಿದ್ದರಿಂದ ಹಾಗೆ. ಹಾಗಾಗಿ ಗುಂಡಿ ಒತ್ತಿದಾಗ ಲಿವರ್ ನೋಡಬೇಡಿ, ದೀಪ ಫ್ಯಾನು ಆರುತ್ತವೋ ನೋಡಿ.

ಅರ್ಥಿಂಗಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪೈಪ್ ಅರ್ಥಿಂಗಿಗೆ ಜಿಐ ಪೈಪು ಕಮ್ಮಿಯೆಂದರೂ ಎರಡೂವರೆ ಮೀಟರ್ ನೆಲದೊಳಗೆ ಇಳಿಯಬೇಕು. ಇಲ್ಲಿ ಮುಚ್ಚಳ ಹೊಸದು, ಪೈಪು ಎರಡಡಿ.

ಇದನ್ನೆಲ್ಲ ಮೊದಲೇ ಹಿಡಿಯಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಒರಿಜಿನಲ್ ಲೈಸೆನ್ಸ್ ಕೇಳಿ, ಅದರ ಮೇಲಿನ ವಾಯಿದೆ ನೋಡಿ, ನಂಬರ್ ಬರೆದುಕೊಂಡು ಪರಿವೀಕ್ಷಣಾಲಯದ ಕಚೇರಿಯಲ್ಲಿ ವಿಚಾರಿಸಿ. ಲೈಸೆನ್ಸು, ಕೊಟೇಶನ್, ಜಿಎಸ್‌ಟಿ ಬಿಲ್ಲು, ಬ್ಯಾಂಕ್ ಖಾತೆ, ನಾಲ್ಕರಲ್ಲೂ ಒಂದೇ ಹೆಸರು ಇರಬೇಕು. ಸೂಪರ್‌ವೈಸರ್ ಯಾರು, ಅವರ ಪರ್ಮಿಟ್ ಎಲ್ಲಿ, ಅವರು ಯಾವ ಯಾವ ದಿನ ಬರುತ್ತಾರೆ ಅಂತ ಕೊಟೇಶನ್ನಿನಲ್ಲೇ ಬರೆಸಿ. ಈ ಮಾತಿಗೆ ಮುಖ ಸಿಂಡರಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಬರೀ 'ಪಾಯಿಂಟಿಗೆ ಇಷ್ಟು' ಅನ್ನುವ ಕೊಟೇಶನ್ ಒಪ್ಪಬೇಡಿ, ಅದರಲ್ಲಿ ವೈರಿನ ಸೈಜು ಇರುವುದಿಲ್ಲ. ದೀಪ ಫ್ಯಾನಿಗೆ 1.5 ಸ್ಕ್ವೇರ್ ಎಂಎಂ ತಾಮ್ರ, 10 ಆಂಪ್ಸ್ ಎಂಸಿಬಿ. ಗೀಸರ್, ಎಸಿ, ಅಡುಗೆಮನೆ ಪವರ್ ಪಾಯಿಂಟಿಗೆ 4 ಸ್ಕ್ವೇರ್, 20 ಆಂಪ್ಸ್. ಪ್ರತಿ ಪವರ್ ಪಾಯಿಂಟಿಗೂ ಡಿಬಿವರೆಗೆ ತುಂಡಾಗದ ಹಸಿರು ವೈರು. ಹೀಗೆ ಬಿಡಿಸಿ ಬರೆಸಿ. ಆಮೇಲೆ ಸುರುಳಿ ಎಣಿಸಿ. ಒಂದು ಸುರುಳಿ ಸಾಮಾನ್ಯವಾಗಿ 90 ಮೀಟರ್. ಡಿಬಿಯಿಂದ ಗೀಸರಿಗೆ ಪೈಪಿನ ದಾರಿ 20 ಮೀಟರ್ ಅಂದರೆ ಫೇಸು ನ್ಯೂಟ್ರಲ್ಲಿಗೇ 40 ಮೀಟರ್ ಬೇಕು. ವಿಜಯನಗರದ ಬಿಲ್ಲಿನಲ್ಲಿ ಎರಡು ಗೀಸರು, ಎರಡು ಅಡುಗೆಮನೆಗೆ ಸೇರಿ 4 ಸ್ಕ್ವೇರ್ ವೈರು ಒಂದೇ ಸುರುಳಿ ಇತ್ತು. ಅವತ್ತೇ ಯಾರಾದರೂ ಕೂಡಿ ನೋಡಿದ್ದರೆ ಸಾಕಿತ್ತು. ವೈರಿನ ಮೇಲೆ ಐಎಸ್ 694 ಮತ್ತು ಐಎಸ್‌ಐ ಗುರುತು ಇದೆಯೇ ನೋಡಿ. ಎಳೆಯನ್ನು ಬ್ಲೇಡಿನಲ್ಲಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಕೆಲಸ ಮುಗಿದ ಮೇಲೆ ನಿಮ್ಮೆದುರೇ ಅವರ ಕೈಯಲ್ಲಿ ಒಂದು ಪರೀಕ್ಷೆ ಮಾಡಿಸಿ. ಗೀಸರ್ ಆನ್ ಮಾಡಿ, ಡಿಬಿಯಲ್ಲಿ ವೋಲ್ಟೇಜ್ ಅಳೆದು, ಆಮೇಲೆ ಗೀಸರ್ ಪಾಯಿಂಟಿನಲ್ಲಿ ಅಳೆಯಲಿ. 2 ಕಿಲೋವ್ಯಾಟ್ ಗೀಸರಿಗೆ, 20 ಮೀಟರ್ ದೂರಕ್ಕೆ 4 ಸ್ಕ್ವೇರ್ ತಾಮ್ರವಾದರೆ ವ್ಯತ್ಯಾಸ 2 ವೋಲ್ಟಿನ ಒಳಗೇ ಇರಬೇಕು. ಹಳೇ 1.5 ಸ್ಕ್ವೇರ್ ಅಲ್ಯೂಮಿನಿಯಂ ಒಳಗೆ ಕೂತಿದ್ದರೆ 6 ವೋಲ್ಟ್ ದಾಟುತ್ತದೆ. 500 ವೋಲ್ಟಿನ ಮೆಗ್ಗರ್ ಹಾಕಿದಾಗ ಇನ್ಸುಲೇಷನ್ 1 ಮೆಗಾಓಮ್‌ಗಿಂತ ಕಮ್ಮಿ ಬರಕೂಡದು. ಹೊಸ ವೈರಿಂಗಾದರೆ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ರಿಪೋರ್ಟಿನಲ್ಲಿ ಬರೆಯುವ ಅಂಕಿ ಮೀಟರಿನಲ್ಲಿ ನೀವು ಕಂಡದ್ದೇ ಆಗಿರಲಿ.

ದುಡ್ಡಿನ ವಿಷಯ: ಪೈಪು, ವೈರು, ಡಿಬಿ, ಟೆಸ್ಟಿಂಗ್ ಅಂತ ಹಂತ ಹಂತವಾಗಿ ಕೊಡಿ, ಕೊನೆಯ ಹತ್ತು ಪರ್ಸೆಂಟ್ ರೀಡಿಂಗ್ ಬರುವತನಕ ಕೈಯಲ್ಲೇ ಇರಲಿ. ಆ ಮಾಲೀಕರು ವೈರು ಎಳೆಯುವ ಹೊತ್ತಿಗೇ ಮುಕ್ಕಾಲು ಪಾಲು ಕೊಟ್ಟಾಗಿತ್ತು.

ಈಗಾಗಲೇ ಮೋಸ ಹೋಗಿದ್ದರೆ ಮೇನ್ ಆಫ್ ಮಾಡಿ ಫೋಟೋ ತೆಗೆಯಿರಿ, ಅದೇ ಮನುಷ್ಯನಿಗೆ ಮತ್ತೆ ಡಿಬಿ ಬಿಚ್ಚಲು ಬಿಡಬೇಡಿ. ಬೆಸ್ಕಾಂ ಉಪವಿಭಾಗದಿಂದ ಕಂಪ್ಲೀಷನ್ ರಿಪೋರ್ಟಿನ ಪ್ರತಿ ಪಡೆಯಿರಿ, ಕೊಡದಿದ್ದರೆ ಆರ್‌ಟಿಐ ಹಾಕಿ. ಸಹಿ ಹಾಕಿದವನ ಮೇಲೆ ಪರಿವೀಕ್ಷಣಾಲಯಕ್ಕೆ ದೂರು ಕೊಡಿ. ಇಲ್ಲಿ ಆ ಲೈಸೆನ್ಸ್‌ದಾರ 'ಅವನು ನಮ್ಮವನಲ್ಲ' ಅಂದುಬಿಟ್ಟ, ಆದರೆ ರಿಪೋರ್ಟಿನ ಸಹಿ ಅವನದೇ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಕೆಲಸ ಮಾಡಿದವನನ್ನೂ ಸಹಿ ಹಾಕಿದವನನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಅವಧಿ ಎರಡು ವರ್ಷ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಸಹಾಯವಾಣಿ 1915.

ಮೀಟರ್ ಸೀಲು ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ. 'ಐದು ನಿಮಿಷದ ಕೆಲಸ, ನಾನೇ ಹಾಕ್ತೀನಿ' ಅನ್ನುವವರಿದ್ದಾರೆ. ಸೀಲು ಮುರಿದದ್ದು ಸಿಕ್ಕಿಬಿದ್ದರೆ ಬೆಸ್ಕಾಂನವರು ಮೊದಲು ನೋಟಿಸ್ ಕೊಡುವುದು ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ನಂಬರ್) ಯಾರ ಹೆಸರಲ್ಲಿದೆಯೋ ಅವರಿಗೆ.